ಬಚಾಟಾದಲ್ಲಿ ಹೆಜ್ಜೆ ಸರಿಯಾಗಿ ಬರುತ್ತೆ, ಮೈ ಮಾತ್ರ ಬಳುಕಲ್ಲ. ಏನು ಮಾಡಲಿ?

ಬೆಂಗಳೂರಿನ ವರ್ಕ್‌ಶಾಪ್‌ನಲ್ಲಿ ಸೆನ್ಶುವಲ್ ಬಚಾಟಾ (ಮೈ ಬಳುಕಿಸಿ ಕುಣಿಯುವ ಒಂದು ಜೋಡಿ ನೃತ್ಯ) ಕಲಿತು, ಈಗ ದಾವಣಗೆರೆಯ ಮನೆಯಲ್ಲಿ ಯೂಟ್ಯೂಬ್ ನೋಡಿಕೊಂಡು ಅಭ್ಯಾಸ ಮಾಡುತ್ತಿದ್ದೀರಿ. ಬಾಡಿ ವೇವ್ (ಮೇಲಿನಿಂದ ಸೊಂಟದವರೆಗೆ ಮೈಯಲ್ಲಿ ಹರಿಯುವ ಅಲೆ) ಮಾಡಿದರೆ ಮೈ ಕೊರಡಿನ ಹಾಗೆ ಕಾಣುತ್ತದೆ, ಸೊಂಟ ಸಡಿಲವಾಗಲು ಏನು ಮಾಡಬೇಕು ಅಂತ ಕೇಳಿದ್ದೀರಿ. ನಾನೂ ಇದೇ ಊರಿನವಳು, ಹೆಚ್ಚಿನ ಅಭ್ಯಾಸ ನಮ್ಮ ಮನೆಯ ಹಾಲ್‌ನಲ್ಲೇ ಮಾಡಿದವಳು. ನನ್ನ ಮಾತು ಕೇಳುವುದಾದರೆ ಸ್ವಲ್ಪ ದಿನ ಸೊಂಟದ ಚಿಂತೆ ಬಿಡಿ. ಹೆಚ್ಚಿನವರಲ್ಲಿ ಬಿಗಿದಿರುವುದು ಎದೆಗೂಡು, ಅಂದರೆ ನಡುಬೆನ್ನು.

ಕತ್ತಿನಲ್ಲಿ 7 ಮೂಳೆ, ಎದೆಯ ಹಿಂಭಾಗದಲ್ಲಿ 12, ಸೊಂಟದ ಹತ್ತಿರ 5. ಮಧ್ಯದ ಆ 12ಕ್ಕೂ ಪಕ್ಕೆಲುಬು ಅಂಟಿಕೊಂಡಿರುತ್ತದೆ. ಹಾಗಾಗಿ ಹಿಂದೆ ಮುಂದೆ ಬಾಗುವುದರಲ್ಲಿ ಆ ಭಾಗ ಮೊದಲೇ ಕಡಿಮೆ. ಅದರ ಮೇಲೆ ನಾವು ದಿನವಿಡೀ ಅಂಗಡಿಯಲ್ಲೋ ಕಂಪ್ಯೂಟರ್ ಮುಂದೆಯೋ ಕೂರುತ್ತೇವೆ, ಬೈಕ್ ಮೇಲೆ ಗೂನು ಹಾಕುತ್ತೇವೆ. ಆಗ ಏನಾಗುತ್ತದೆ? ಅಲೆ ಕತ್ತಿನಿಂದ ಶುರುವಾಗಿ, ಬೆನ್ನನ್ನು ಹಾರಿ, ನೇರ ಸೊಂಟಕ್ಕೆ ಬೀಳುತ್ತದೆ. ಪಾಪ, ಸೊಂಟ ತನ್ನ ಪಾಲಿನ ಕೆಲಸದ ಜೊತೆ ಬೆನ್ನಿನ ಕೆಲಸವನ್ನೂ ಮಾಡುತ್ತದೆ. ನೋಡಲು ಮುರಿದ ಹಾಗೆ ಕಾಣುತ್ತದೆ, ಮರುದಿನ ನೋವೂ ಬರುತ್ತದೆ.

ನಿಮ್ಮ ಅಲೆ ಎಲ್ಲಿ ಮುರಿಯುತ್ತಿದೆ ಅಂತ ಗೋಡೆಯೇ ಹೇಳುತ್ತದೆ. ಹಳೇ ಟೀ ಶರ್ಟ್ ಹಾಕಿಕೊಳ್ಳಿ, ಡಿಸ್ಟೆಂಪರ್ ಮೆತ್ತಿಕೊಳ್ಳುತ್ತದೆ. ಗೋಡೆಗೆ ಮುಖ ಮಾಡಿ, ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ ನಿಂತುಕೊಳ್ಳಿ. ಮಂಡಿ ಸ್ವಲ್ಪ ಸಡಿಲ ಇರಲಿ. ಮೊದಲು ಎದೆ ಗೋಡೆಗೆ ತಾಗಬೇಕು, ಆಮೇಲೆ ಪಕ್ಕೆಲುಬಿನ ಕೆಳಭಾಗ, ಆಮೇಲೆ ಹೊಟ್ಟೆ, ಕೊನೆಗೆ ಸೊಂಟದ ಮುಂಭಾಗ. ಮುಂದಿನದು ತಾಗುತ್ತಿದ್ದಂತೆ ಹಿಂದಿನದು ಗೋಡೆ ಬಿಡಬೇಕು. ಕಣ್ಣು ಮುಚ್ಚಿ ನಿಧಾನಕ್ಕೆ ಮಾಡಿ. ಎದೆ ಮತ್ತು ಹೊಟ್ಟೆ ಎರಡೂ ಒಟ್ಟಿಗೆ ತಾಗಿತಾ? ಹಾಗಾದರೆ ಅವೆರಡರ ನಡುವೆ ಬಿಗಿದಿದೆ. ಎದೆ ಗೋಡೆಗೆ ತಾಗುವ ಮೊದಲೇ ಭುಜ ಕಿವಿಯ ಹತ್ತಿರ ಏರಿತಾ? ಹಾಗಾದರೆ ಎದೆಯ ಬದಲು ಭುಜ ಕೆಲಸ ಮಾಡುತ್ತಿದೆ. ಇಡೀ ವೇವ್ ಅನ್ನು ನೂರು ಸಲ ಮಾಡುವುದಕ್ಕಿಂತ ಆ ಒಂದು ಜಾಗದ ಹಿಂದೆ ಬೀಳಿ. ನನಗೆ ಗೊತ್ತಿರುವಂತೆ ಇದಕ್ಕಿಂತ ಬೇಗ ಫಲ ಕೊಡುವ ದಾರಿ ಇಲ್ಲ.

ಎದೆಯನ್ನು ಬೇರೆಯಾಗಿ ಚಲಿಸುವುದನ್ನು ಕೂತು ಕಲಿಯಿರಿ. ಸ್ಟೂಲ್ ಮೇಲೆ ಕೂತರೆ ಸೊಂಟ ಅಲ್ಲೇ ನಿಲ್ಲುತ್ತದೆ, ಮೋಸ ಮಾಡಲು ಆಗುವುದಿಲ್ಲ. ಎರಡೂ ಅಂಗೈಯನ್ನು ಪಕ್ಕೆಲುಬಿನ ಮೇಲಿಟ್ಟು ಎದೆಗೂಡನ್ನು ಮುಂದೆ ತಳ್ಳಿ, ಮಧ್ಯಕ್ಕೆ ಬನ್ನಿ, ಹಿಂದೆ ಹೋಗಿ. ಹಿಂದೆ ಹೋಗುವಾಗ ಉಸಿರು ಬಿಡಿ. ಆಮೇಲೆ ಎಡಕ್ಕೆ, ಬಲಕ್ಕೆ. ಬಾಗಬಾರದು, ಜಾರಬೇಕು. ಎರಡೂ ಭುಜ ಒಂದೇ ಮಟ್ಟದಲ್ಲಿದ್ದರೆ ಸರಿಯಾಗಿ ಮಾಡುತ್ತಿದ್ದೀರಿ ಅಂತ ಅರ್ಥ. ನಾಲ್ಕೂ ದಿಕ್ಕು ಬಂದ ಮೇಲೆ ಅವನ್ನೇ ಸೇರಿಸಿ ಸುತ್ತು ಮಾಡಿ. ಮೊದಮೊದಲು ಒಂದು ಅಂಗುಲವೂ ಸರಿಯುವುದಿಲ್ಲ, ಬೇಜಾರಾಗಬೇಡಿ. ಭರತನಾಟ್ಯ ಕಲಿತವರಿಗೆ ಇದು ಇನ್ನೂ ಕಷ್ಟ, ಅಲ್ಲಿ ಸೊಂಟದ ಮೇಲಿನ ಮೈಯನ್ನು ನೆಟ್ಟಗೆ ಹಿಡಿಯುವುದನ್ನೇ ವರ್ಷಗಟ್ಟಲೆ ಕಲಿಸಿರುತ್ತಾರೆ. ಯೋಗ ಗೊತ್ತಿದ್ದರೆ ದಿನಾ ಮಾರ್ಜಾಲಾಸನ ಮಾಡಿ. ಆದರೆ ಬೆನ್ನನ್ನು ಒಟ್ಟಿಗೆ ಎತ್ತಿ ಇಳಿಸಬೇಡಿ. ಬಾಲದ ಮೂಳೆಯಿಂದ ಶುರುಮಾಡಿ ಒಂದೊಂದೇ ಮೂಳೆ ಬಾಗಿಸುತ್ತಾ ತಲೆವರೆಗೆ ಬನ್ನಿ.

ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತೀರಾ? ಹಾಗಾದರೆ ಮೊಬೈಲ್ ಜೇಬಿಗೆ ಹಾಕಿ, ಕೈ ಆರಾಮಾಗಿ ಬೀಸಿ ನಡೆಯಿರಿ. ಬಲಗಾಲು ಮುಂದೆ ಹೋದಾಗ ಎಡಗೈ ಮುಂದೆ ಬರುತ್ತದೆ, ಅಂದರೆ ಸೊಂಟ ಒಂದು ಕಡೆ, ಎದೆ ಇನ್ನೊಂದು ಕಡೆ ತಿರುಗುತ್ತದೆ. ಸೆನ್ಶುವಲ್‌ನಲ್ಲಿ ಬೇಕಾದ ತಿರುವು ಇದೇ, ಸ್ವಲ್ಪ ದೊಡ್ಡದು ಅಷ್ಟೆ. ಮೊಬೈಲ್ ನೋಡುತ್ತಾ ನಡೆದರೆ ಎದೆ ಅಲ್ಲಾಡುವುದೇ ಇಲ್ಲ.

ಇನ್ನು ನೀವು ಕೇಳಿದ ಸೊಂಟ. ಅದನ್ನು ಸೊಂಟದಿಂದಲೇ ಆಡಿಸಲು ಹೋಗಬೇಡಿ, ಅದು ಕಾಲಿನಿಂದ ಬರುತ್ತದೆ. ಒಂದು, ಎರಡು, ಮೂರು ಹೆಜ್ಜೆ, ನಾಲ್ಕಕ್ಕೆ ಟ್ಯಾಪ್, ಅಂದರೆ ಪಾದವನ್ನು ನೆಲಕ್ಕೆ ತಾಗಿಸುವುದಷ್ಟೆ. ಪ್ರತಿ ಹೆಜ್ಜೆಗೂ ಇಡೀ ಭಾರ ಆ ಪಾದದ ಮೇಲೆ ಹೋಗಬೇಕು. ಹೋದ ಮೇಲೆ ಆ ಮಂಡಿ ನಿಧಾನ ನೆಟ್ಟಗಾಗುತ್ತದೆ, ಇನ್ನೊಂದು ಮಡಚುತ್ತದೆ, ಸೊಂಟ ತಾನಾಗಿಯೇ ಭಾರದ ಕಡೆ ಸರಿಯುತ್ತದೆ. ಟ್ಯಾಪ್‌ನಲ್ಲಿ ಮಾತ್ರ ಭಾರ ಹಾಕಬಾರದು. ನಮ್ಮ ಕಡೆ ಜಾತ್ರೆಯಲ್ಲಿ ಡೊಳ್ಳು ಕುಣಿಯುವವರ ಮಂಡಿ ನೋಡಿ. ಅಷ್ಟು ಭಾರದ ಡೊಳ್ಳು ಕಟ್ಟಿಕೊಂಡೂ ಮಂಡಿಯನ್ನು ಬಿಗಿಯುವುದಿಲ್ಲ, ಪ್ರತಿ ಪೆಟ್ಟಿಗೂ ಕೊಂಚ ಕುಸಿದು ಏಳುತ್ತಾರೆ.

ಈ ಹೆಜ್ಜೆಯನ್ನು ಬೇಸಿಕ್ ಅಂತ ಸುಮ್ನೆ ಬಿಟ್ಟು ಮುಂದೆ ಓಡಬೇಡಿ. ಬಚಾಟಾದ ಹಾಡೂ ಕುಣಿತವೂ ಹುಟ್ಟಿದ್ದು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ. ಹೊಸೆ ಮಾನ್ವೆಲ್ ಕಾಲ್ದೆರೋನ್ 1962ರಲ್ಲಿ ಹಾಡಿದ್ದನ್ನೇ ಮೊದಲ ಬಚಾಟಾ ರೆಕಾರ್ಡಿಂಗ್ ಅನ್ನುತ್ತಾರೆ. ಅಲ್ಲಿನವರ ಕುಣಿತದಲ್ಲಿ ಪಾದದ ಆಟವೇ ಜಾಸ್ತಿ. ಎದೆ, ಬೆನ್ನಿನ ಅಲೆಗಳನ್ನು ಸೇರಿಸಿ ಸೆನ್ಶುವಲ್ ಶೈಲಿ ಕಟ್ಟಿದ್ದು ಎಷ್ಟೋ ವರ್ಷಗಳ ನಂತರ, ಸ್ಪೇನ್‌ನ ಕಾದಿಸ್‌ನಲ್ಲಿ ಕೋರ್ಕೆ ಮತ್ತು ಜುಡಿತ್ ಜೋಡಿ. ಅವರೂ ಅದನ್ನು ಆ ಹೆಜ್ಜೆಯ ಮೇಲೆಯೇ ಕಟ್ಟಿದ್ದು. ಪಾದ ಅಲುಗಾಡುತ್ತಿದ್ದರೆ ಬೆನ್ನು ಹೆದರಿ ಬಿಗಿದುಕೊಳ್ಳುತ್ತದೆ.

ಅವಸರವೂ ಅಲೆಯನ್ನು ಕೆಡಿಸುತ್ತದೆ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ 8 ಎಣಿಕೆಗೆ 4 ಸೆಕೆಂಡ್ ಸಿಗುತ್ತದೆ. ಅಷ್ಟನ್ನೂ ಬಳಸಿಕೊಳ್ಳಿ. ಹೆಚ್ಚಿನವರು ಎರಡನೇ ಎಣಿಕೆಗೇ ಅಲೆ ಮುಗಿಸಿ, ಉಳಿದದ್ದಕ್ಕೆ ಸುಮ್ಮನೆ ನಿಂತುಬಿಡುತ್ತಾರೆ. ಮೊದಲು 8 ಎಣಿಕೆಗೆ ಒಂದು ಅಲೆ. ಅದು ಎಲ್ಲೂ ನಿಲ್ಲದೆ ಹರಿದರೆ ಮಾತ್ರ 4ಕ್ಕೆ ಇಳಿಸಿ. ಎದೆ, ಹೊಟ್ಟೆ, ಸೊಂಟ ಯಾವ ಎಣಿಕೆಗೆ ಬರಬೇಕು ಅಂತ ಬಾಯಲ್ಲಿ ಹೇಳಿಕೊಂಡೇ ಮಾಡಿ.

ಎರಡು ವಿಷಯದಲ್ಲಿ ಮಾತ್ರ ಹಟ ಮಾಡಬೇಡಿ. ಒಂದು ತಲೆ. ತಲೆಯನ್ನು ಬೀಸುವುದು ವಿಡಿಯೋದಲ್ಲಿ ಚೆಂದ ಕಾಣುತ್ತದೆ ನಿಜ. ಆದರೆ ಅದು ಎದೆಯ ಚಲನೆಯ ಕೊನೆ. ಎದೆ ಇನ್ನೂ ಬಾರದವರು ತಲೆ ಬೀಸಿದರೆ ಕತ್ತು ಉಳುಕುತ್ತದೆ. ಇನ್ನೊಂದು ಹಿಂದಕ್ಕೆ ಬಾಗುವ ಕಾಂಬ್ರೆ. ಮೊದಲು ಎದೆಯನ್ನು ಮೇಲಕ್ಕೆ ಎತ್ತಿ, ಆಮೇಲೆ ಹಿಂದಕ್ಕೆ ಹೋಗಿ, ನಿಮ್ಮ ಭಾರ ನಿಮ್ಮ ಕಾಲ ಮೇಲೇ ಇರಲಿ. ಸೊಂಟದಲ್ಲಿ ಚುಚ್ಚಿದ ಹಾಗಾದರೆ ಅಲ್ಲಿಗೆ ನಿಲ್ಲಿಸಿ. ನೋವು ಉಳಿದರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

ಜೋಡಿ ಸಿಕ್ಕಾಗ ನೀವು ಲೀಡ್ ಮಾಡುವವರಾದರೆ ಕೈಯಿಂದ ಎಳೆಯಬೇಡಿ. ನಿಮ್ಮ ಎದೆ ಮೊದಲು ಚಲಿಸಲಿ, ಅವರ ಹೆಗಲ ಮೂಳೆ ಮೇಲಿರುವ ನಿಮ್ಮ ಅಂಗೈ ಅದನ್ನು ಮುಟ್ಟಿಸಿದರೆ ಸಾಕು. ಫಾಲೋ ಮಾಡುವವರಾದರೆ ಸೂಚನೆ ಬರುವವರೆಗೆ ಕಾಯಿರಿ, ಊಹಿಸಿ ಓಡಬೇಡಿ. ಎಷ್ಟು ಹತ್ತಿರ ನಿಲ್ಲಬೇಕು ಅನ್ನುವುದನ್ನು ಬಾಯಿಬಿಟ್ಟು ಕೇಳಿಕೊಳ್ಳಿ. ನಮ್ಮಂಥ ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಸಂಕೋಚ ಇರುತ್ತದೆ, ಅದು ತಪ್ಪೇನಲ್ಲ. ಮುಂಗೈ ಹಿಡಿದು ಒಂದು ಮೊಳ ದೂರ ನಿಂತೂ ಅಲೆ ದಾಟಿಸಬಹುದು. ಸಂಕೋಚದಲ್ಲಿ ಹತ್ತಿರ ನಿಂತರೆ ಮೈ ಬಿಗಿದುಕೊಳ್ಳುತ್ತದೆ, ಅಭ್ಯಾಸ ಮಾಡಿದ್ದೆಲ್ಲ ವ್ಯರ್ಥ.

ವಾರಕ್ಕೊಮ್ಮೆ ಮೊಬೈಲನ್ನು ಪಕ್ಕದಲ್ಲಿಟ್ಟು ವಿಡಿಯೋ ಮಾಡಿಕೊಳ್ಳಿ. ಎದುರಿನ ಕನ್ನಡಿಯಲ್ಲಿ ಬೆನ್ನಿನ ಚಲನೆ ಕಾಣುವುದಿಲ್ಲ. ಮುಂದಿನ ಸಲ ಬೆಂಗಳೂರಿಗೆ ಸೋಶಿಯಲ್‌ಗೆ (ಎಲ್ಲರೂ ಸೇರಿ ಕುಣಿಯುವ ಪಾರ್ಟಿಗೆ) ಹೋಗುವಾಗ ಪಾರ್ಟಿಗಿಂತ ಮೊದಲು ಕ್ಲಾಸ್ ಇದ್ದರೆ ಅದಕ್ಕೆ ತಪ್ಪದೆ ಹೋಗಿ, ಆ ವಿಡಿಯೋ ತೋರಿಸಿ, "ನನ್ನ ಅಲೆ ಎಲ್ಲಿ ನಿಲ್ಲುತ್ತಿದೆ?" ಅಂತ ಟೀಚರನ್ನು ಕೇಳಿ.