ಪ್ರತಿಕ್ರಿಯೆ: ರಾಫೆಲ್ಸ್ ಹೋಟೆಲಿಗೆ ಮೂರು ಇಸವಿಗಳೇಕೆ?

ಸಿಂಗಪುರದ ರಾಫೆಲ್ಸ್ ಹೋಟೆಲಿನ ಬಗ್ಗೆ ಪ್ರಬಂಧ ಬರೆಯುತ್ತಿರುವ ನೀವು, ಅದು ಆರಂಭವಾದದ್ದು 1887ರಲ್ಲೋ, 1899ರಲ್ಲೋ, 1991ರಲ್ಲೋ ಎಂದೂ, ನಿಮ್ಮ ಬಳಿಯ ಅದರ ಹಳೆಯ ಚಿತ್ರ ಯಾವ ಕಾಲದ್ದೆಂದೂ ಕೇಳಿದ್ದೀರಿ. ಈ ಗೊಂದಲಕ್ಕೆ ಕಾರಣ, ಬಹುಶಃ, ಸಂಸ್ಥೆಯ ಆರಂಭ, ಕಟ್ಟಡದ ನಿರ್ಮಾಣ ಹಾಗೂ ಜೀರ್ಣೋದ್ಧಾರ ಈ ಮೂರೂ ಒಂದೇ ಎಂದು ಹೋಟೆಲಿನ ಬಗ್ಗೆ ಬರೆದವರು ಭಾವಿಸಿರುವುದು. ನಮ್ಮ ಬಳ್ಳಾರಿ ಕಂಟೋನ್ಮೆಂಟಿನ ಹಳೆಯ ಬಂಗಲೆಗಳ ಕಾಲ ಗುರುತಿಸುವಾಗಲೂ ನನಗೆ ಇದೇ ತೊಡಕು ಎದುರಾಗಿತ್ತು.

ಮೊದಲು ಸಂಸ್ಥೆಯನ್ನು ಬೇರ್ಪಡಿಸಿಕೊಳ್ಳಿ. ಅರ್ಮೇನಿಯನ್ ಮೂಲದ ಸಾರ್ಕೀಸ್ ಸಹೋದರರು 1887ರ ಡಿಸೆಂಬರಿನಲ್ಲಿ, ಕಡಲ ದಂಡೆಯ ಹಳೆಯ ಬಂಗಲೆಯೊಂದರಲ್ಲಿ, ಹತ್ತು ಕೋಣೆಗಳ ಹೋಟೆಲು ತೆರೆದರು. ಬಳಿಕ ಕಟ್ಟಡವನ್ನು ನೋಡಿ: ಎತ್ತರದ ಚಾವಣಿಯ, ಉದ್ದನೆಯ ವರಾಂಡಗಳ, ಮುಂದೆ ಬೀಸಣಿಗೆಯಂತೆ ಎಲೆ ಹರಡಿ ನಿಂತ ಟ್ರಾವೆಲರ್ಸ್ ಪಾಮ್ ಗಿಡಗಳಿರುವ ಇಂದಿನ ಮುಖ್ಯ ಕಟ್ಟಡ ವಾಸ್ತುಶಿಲ್ಪಿ ಬಿಡ್ವೆಲ್ ಅವರ ವಿನ್ಯಾಸದಂತೆ 1899ರಲ್ಲಿ ಪೂರ್ಣಗೊಂಡಿತು. 1987ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. 1991 ಎಂಬುದು ದುರಸ್ತಿಯ ನಂತರ ಮತ್ತೆ ಬಾಗಿಲು ತೆರೆದ ವರ್ಷ, ಅಷ್ಟೇ.

ಜಪಾನೀಯರ ಆಡಳಿತದ 1942–45ರ ಅವಧಿಯಲ್ಲಿ ಹೋಟೆಲಿಗೆ ಸ್ಯೋನಾನ್ ರ್ಯೋಕಾನ್ ಎಂದು ಹೆಸರಿಡಲಾಗಿತ್ತಾದ್ದರಿಂದ, ಆ ವರ್ಷಗಳ ವಿವರಗಳನ್ನು ಆ ಹೆಸರಿನಲ್ಲಿಯೂ ಹುಡುಕಬೇಕು. ನಕ್ಷೆಯಲ್ಲಿ ಹತ್ತಿರ ಕಡಲೇ ಇಲ್ಲವೆಂದು ಬರೆದಿದ್ದೀರಿ. ಸಮುದ್ರಕ್ಕೆ ಮಣ್ಣು ತುಂಬಿ ದಂಡೆಯನ್ನು ದೂರ ಸರಿಸಲಾಗಿದೆ, ಹೋಟೆಲಿರುವ ರಸ್ತೆಗೆ ಬೀಚ್ ರೋಡ್ (ಕಡಲ ದಂಡೆಯ ರಸ್ತೆ) ಎಂಬ ಹೆಸರು ಮಾತ್ರ ಉಳಿದಿದೆ.

ನಿಮ್ಮ ಬಳಿಯ ಹಳೆಯ ಚಿತ್ರವನ್ನು ನೋಡದೆ ಅದರ ಕಾಲವನ್ನು ಖಚಿತವಾಗಿ ಹೇಳಲಾರೆ. ಆದರೆ ಮೂರಂತಸ್ತಿನ ಮುಖ್ಯ ಕಟ್ಟಡ ಅದರಲ್ಲಿ ಪೂರ್ಣವಾಗಿ ಕಾಣುತ್ತಿದ್ದರೆ ಚಿತ್ರ 1899ಕ್ಕಿಂತ ಹಿಂದಿನದಾಗಿರಲಾರದು. ಪ್ರಬಂಧದಲ್ಲಿ "1887ರಲ್ಲಿ ಕಟ್ಟಲಾಯಿತು" ಎಂಬುದನ್ನು ತೆಗೆದು, "1887ರಲ್ಲಿ ಆರಂಭವಾಯಿತು, ಮುಖ್ಯ ಕಟ್ಟಡ 1899ರದು" ಎಂದು ತಿದ್ದಿಕೊಳ್ಳಿ.