ಮಾಸಲು ಬಣ್ಣದ ಹಾವಿಗೆ ಯಾವ ಚೀಟಿ?

ಪ್ರಶ್ನೆ: ಡಾಕ್ಟ್ರೇ, ಅಂಗಡಿಯವರು ‘ಅಲ್ಬಿನೋ’ ಅಂತ ಹೇಳಿ ಒಂದು ಕಾರ್ನ್ ಸ್ನೇಕ್ (ಮನೆಯಲ್ಲಿ ಸಾಕುವ ವಿಷವಿಲ್ಲದ ವಿದೇಶಿ ಹಾವು) ಕೊಟ್ಟರು. ಮೈ ತಿಳಿ ಕಿತ್ತಳೆ. ಮಚ್ಚೆಗಳ ಸುತ್ತಲಿನ ಗೆರೆ ತುಂಬಾ ತೆಳು. ಆದರೆ ಕಣ್ಣು ಕಪ್ಪು. ನನ್ನ ಸ್ನೇಹಿತ ಇದು ಅಲ್ಬಿನೋನೇ ಅಲ್ಲ ಅಂತಾನೆ. ಮುಂದೆ ಮರಿ ಮಾಡಿಸುವ ಆಸೆಯಿದೆ. ಪೆಟ್ಟಿಗೆಯ ಚೀಟಿಯಲ್ಲಿ ಏನಂತ ಬರೆಯಲಿ?
– ಓದುಗರು, ವಿಜಯನಗರ

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಸರಿ. ಹಾವಿನ ಚರ್ಮದಲ್ಲಿ ಕಪ್ಪಿಗೆ ಬೇರೆ ಕಣ, ಕೆಂಪು ಹಳದಿಗೆ ಬೇರೆ ಕಣ. ಅಲ್ಬಿನೋ ಕಾರ್ನ್ ಸ್ನೇಕ್‌ನಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣ ಮಾತ್ರ ಇರುವುದಿಲ್ಲ. ಚಿತ್ರಾನ್ನದಿಂದ ಸಾಸಿವೆ ಆರಿಸಿ ತೆಗೆದರೆ ಅರಿಶಿನ ಹೋಗುತ್ತದಾ? ಹಾಗೇ ಇದೂ. ಅದಕ್ಕೇ ತಿಳಿದವರು ಇದನ್ನು ‘ಅಮೆಲ್’ ಅನ್ನುತ್ತಾರೆ. ಅಮೆಲ್ ಆದರೆ ಪಾಪೆ ಕೆಂಪಗಿರಬೇಕು. ಹೊಟ್ಟೆಯ ಮೇಲಿನ ಚೌಕುಳಿಯಲ್ಲೂ ಕಪ್ಪು ಇರಬಾರದು.

ನಿಮ್ಮದು ಬಹುಶಃ ‘ಹೈಪೋ’, ಅಂದರೆ ಮೆಲನಿನ್ ಇದೆ, ಕಡಿಮೆ ಇದೆ. ಹೊಟ್ಟೆ ತಿರುಗಿಸಿ ನೋಡಿ, ಚೌಕುಳಿ ಕಂದು ಬಣ್ಣಕ್ಕೆ ಮಾಸಿರಬಹುದು. ಟಾರ್ಚ್ ಬೆಳಕಲ್ಲಿ ಪಾಪೆ ಕಡುಗೆಂಪಾಗಿ ಕಂಡರೆ ಅಲ್ಟ್ರಾಮೆಲ್ ಇರಬಹುದು, ಅದು ಅಮೆಲ್‌ಗೆ ಹತ್ತಿರದ ಇನ್ನೊಂದು ಬಗೆ. ಪೊರೆ ಬಿಡುವ ಮುಂಚಿನ ದಿನಗಳಲ್ಲಿ ಮಾತ್ರ ಈ ಪರೀಕ್ಷೆ ಬೇಡ. ಆಗ ಕಣ್ಣು ನೀಲಿಯಾಗಿ ಮಬ್ಬಾಗುತ್ತದೆ, ಮೈಯೂ ಬಿಳಿಚಿಕೊಳ್ಳುತ್ತದೆ.

ಈಗ ಚೀಟಿಯ ವಿಷಯ. ಸುಮ್ನೆ ‘ಹೈಪೋ’ ಅಂತ ಬರೆದರೆ ಅರ್ಧ ಕೆಲಸ ಅಷ್ಟೇ. ಕಾರ್ನ್ ಸ್ನೇಕ್‌ನಲ್ಲಿ ಕಪ್ಪು ಕಡಿಮೆ ಮಾಡುವ ಜೀನ್ ಒಂದಲ್ಲ. ಹೈಪೋ ಇದೆ, ಸನ್‌ಕಿಸ್ಡ್ ಇದೆ, ಲಾವಾ ಇದೆ. ನೋಡಲು ಹತ್ತಿರ ಹತ್ತಿರ, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಅದೇ ಜೀನ್ ಬಂದರೆ ಮಾತ್ರ ಮರಿಯ ಮೈಮೇಲೆ ಆ ಬಣ್ಣ ಕಾಣುವುದು. ಹೈಪೋ ಗಂಡಿಗೆ ಸನ್‌ಕಿಸ್ಡ್ ಹೆಣ್ಣು ಕೂಡಿಸಿದರೆ ಸಾಮಾನ್ಯವಾಗಿ ಎಲ್ಲ ಮರಿಗಳೂ ಮಾಮೂಲಿ ಬಣ್ಣದವೇ. ನಿಮ್ಮದು ಹೈಪೋ ಆಗಿದ್ದು, ಅದನ್ನು ಅಲ್ಬಿನೋ ಅಂತ ನಂಬಿ ನಿಜವಾದ ಅಮೆಲ್ ಜೊತೆ ಬಿಟ್ಟರೂ ಅದೇ ಕಥೆ. ಆಮೇಲೆ ಎಲ್ಲರೂ ಬೈಯುವುದು ಪಾಪ ಹೆಣ್ಣು ಹಾವನ್ನು.

ಆದ್ದರಿಂದ ಅಪ್ಪ ಅಮ್ಮ ಯಾವುವು ಅಂತ ಕೊಟ್ಟವರನ್ನೇ ಕೇಳಿ. ಗೊತ್ತಿಲ್ಲ ಅಂದರೆ ಚೀಟಿಯಲ್ಲಿ ಹೀಗೆ ಬರೆಯಿರಿ: ‘ಕಾರ್ನ್ ಸ್ನೇಕ್, ನೋಟಕ್ಕೆ ಹೈಪೋ, ಯಾವ ಜೀನ್ ಗೊತ್ತಿಲ್ಲ, ಪಾಪೆ ಕಪ್ಪು.’ ಜೊತೆಗೆ ತಂದ ತಾರೀಖು. ಇದು ಓದಲು ಸಪ್ಪೆ, ನಿಜ. ಆದರೆ ನನ್ನ ಮೇಜಿನ ಮೇಲೆ ‘ಪ್ರೀಮಿಯಂ ಗೋಲ್ಡ್’ ಅಂತ ಚೀಟಿ ಅಂಟಿಸಿದ ಡಬ್ಬ ಬಂದಾಗ ಒಳಗೆ ಏನಿದೆ ಅಂತ ನನಗೂ ಗೊತ್ತಾಗುವುದಿಲ್ಲ, ತಂದವರಿಗೂ ಗೊತ್ತಿರುವುದಿಲ್ಲ.

‘66% ಹೆಟ್’ ಎಂಬ ಚೀಟಿಯೂ ನಿಮಗೆ ಸಿಗುತ್ತದೆ. ಹೆಟ್ ಅಂದರೆ ಜೀನ್‌ನ ಒಂದೇ ಪ್ರತಿ ಹೊತ್ತು, ಹೊರಗೆ ಮಾಮೂಲಿಯಾಗಿ ಕಾಣುವ ಹಾವು. ಎರಡು ಹೆಟ್ ಹಾವುಗಳಿಗೆ ಹುಟ್ಟಿ ಮಾಮೂಲಿಯಾಗಿ ಕಾಣುವ ಮರಿ, ಆ ಜೀನ್ ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು, ಅಷ್ಟೇ ಅದರ ಅರ್ಥ. ಹೆಟ್ ಅಂತ ಖಾತ್ರಿ ಅಲ್ಲ. ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಪ್ರಶ್ನೆ: ನಮ್ಮ ಬಾಲ್ ಪೈಥಾನ್ ಪೂರ್ತಿ ಬಿಳಿ, ಕಣ್ಣು ನೀಲಿ. ಇದು ಅಲ್ಬಿನೋ ಅಲ್ವಾ?
– ಓದುಗರು, ಯಲಹಂಕ

ಉತ್ತರ: ಅಲ್ಲ. ಅಲ್ಬಿನೋ ಬಾಲ್ ಪೈಥಾನ್ ಮೈಮೇಲೆ ಹಳದಿ ಚಿತ್ತಾರ ಇರುತ್ತದೆ, ಕಣ್ಣು ಕೆಂಪು. ನಿಮ್ಮದು ಲ್ಯೂಸಿಸ್ಟಿಕ್, ಅಂದರೆ ಮೈಯೆಲ್ಲ ಬಿಳಿ, ಆದರೆ ಕಣ್ಣು ಕೆಂಪಲ್ಲದ ಬಗೆ. ಮೊಹಾವೆ ಮತ್ತು ಲೆಸರ್ ಎಂಬ ಎರಡು ಬಗೆ ಕೂಡಿದರೆ ಸರಾಸರಿ ನಾಲ್ಕರಲ್ಲೊಂದು ಮರಿ ಹೀಗೆ ಹುಟ್ಟುತ್ತದೆ. ಬೇರೆ ಜೋಡಿಗಳಿಂದಲೂ ಹುಟ್ಟುವುದುಂಟು. ಹಾಗಾಗಿ ಅಪ್ಪ ಅಮ್ಮನ ಹೆಸರು ಚೀಟಿಯಲ್ಲಿ ಇರಲಿ.

ಇನ್ನೊಂದು. ಬಾಲ್ ಪೈಥಾನ್ ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು. ಮಾಡಿಸಿದ್ದೀರಾ?

ಪ್ರಶ್ನೆ: ಸೈಟಿನಲ್ಲಿ ಬಿಳಿ ನಾಗರಹಾವು ಕಂಡಿತು. ಹಿಡಿಸಿ ಸಾಕಬಹುದಾ?
– ಓದುಗರು, ಕೆಂಗೇರಿ

ಉತ್ತರ: ಸಾಕುವ ಹಾಗಿಲ್ಲ. ಬಣ್ಣ ಯಾವುದಾದರೂ ನಾಗರಹಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ವಿಷವೂ ಅಷ್ಟೇ ಇದೆ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಅವರು ಬರುವ ತನಕ ಒಬ್ಬರು ದೂರ ನಿಂತು ಅದು ಯಾವ ಕಡೆ ಹೋಯಿತು ಅಂತ ನೋಡಿಕೊಳ್ಳಿ.