ಅಜ್ಜನ ಕೇಪಿನ ಕೋವಿಗೆ ಎಮರಿ ಪೇಪರ್ ಮುಟ್ಟಿಸಬೇಡಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಅಜ್ಜನ ಕಾಲದ ಜೋಡಿ ನಳಿಗೆಯ ಕೇಪಿನ ಕೋವಿ ಇದೆ, ಬಾಯಿಂದ ಮದ್ದು ತುಂಬಿ, ಪೆಟ್ಟಿಗೆ ಸಿಡಿಯುವ ಪುಟ್ಟ ಲೋಹದ ಟೊಪ್ಪಿ (ಕೇಪು) ಇಟ್ಟು ಹೊಡೆಯುವಂಥದ್ದು. ಬೆಳೆ ರಕ್ಷಣೆಯ ಲೈಸೆನ್ಸು ಈಗ ನನ್ನ ಹೆಸರಿಗೆ ಆಗಿದೆ. ಎಷ್ಟೋ ವರ್ಷ ಅಟ್ಟದಲ್ಲಿದ್ದು ನಳಿಗೆಗೆ ತುಕ್ಕು ಹಿಡಿದಿದೆ, ಮರಕ್ಕೆ ಹೊಗೆ ಜಿಡ್ಡು ಹತ್ತಿದೆ, ಒಂದು ಕಡೆ ಪೆಟ್ಟು ಬಿದ್ದು ತಗ್ಗಾಗಿದೆ. ಎಮರಿ ಹಾಕಿ ತಿಕ್ಕಿ, ನಳಿಗೆಗೆ ಕಪ್ಪು ಬಣ್ಣ, ಮರಕ್ಕೆ ವಾರ್ನಿಶ್ ಮಾಡಿಸೋಣ ಅಂತಿದ್ದೇನೆ. ಆಯುಧ ಪೂಜೆಯ ಹೊತ್ತಿಗೆ ಮುಗಿಯುತ್ತಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಅರ್ಧ ಮುಗಿಯುತ್ತೆ. ಕಬ್ಬಿಣದ ಕೆಲಸ ಈ ಮಳೆಯಲ್ಲೇ ಆಗುತ್ತೆ, ಮರದ ಕೆಲಸಕ್ಕೆ ದೀಪಾವಳಿ ಕಳೆದು ಬಿಸಿಲು ಬರಬೇಕು. ಎಮರಿ ಪೇಪರ್ ಮಾತ್ರ ದಯವಿಟ್ಟು ಎತ್ತಿಡಿ.

ಎಲ್ಲಕ್ಕಿಂತ ಮೊದಲು ಒಳಗೆ ಈಡು, ಅಂದರೆ ತುಂಬಿಟ್ಟ ಮದ್ದುಗುಂಡು, ಇದೆಯಾ ನೋಡಿ. ನಮ್ಮ ದೊಡ್ಡಪ್ಪನ ಮನೆ ಕೋವಿ ಮೂವತ್ತು ವರ್ಷ ಗೋಡೆಗೆ ನೇತು ಹಾಕಿದ್ದು. ಖಾಲಿ ಅಂತಲೇ ಎಲ್ಲರೂ ನಂಬಿದ್ದೆವು, ಮಕ್ಕಳು ಆಡುವಾಗ ಮುಟ್ಟಿದ್ದೂ ಉಂಟು. ಒಂದು ದಿನ ಕ್ಲೀನ್ ಮಾಡಲು ಇಳಿಸಿದಾಗ ಮದ್ದು ತುರುಕುವ ಗಜದ ಕೋಲು ಒಳಗೆ ಬಿಟ್ಟರೆ, ಎಡ ನಳಿಗೆಯಲ್ಲಿ ಪೂರ್ತಿ ಇಳಿಯಿತು, ಬಲದಲ್ಲಿ ನಾಲ್ಕು ಬೆರಳು ಮೊದಲೇ ನಿಂತಿತು. ಯಾರೋ ತುಂಬಿದ ಈಡು ಹಾಗೇ ಇತ್ತು! ಕರಿ ಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಹೊತ್ತಿಕೊಳ್ಳುತ್ತೆ. ನೀವೂ ಹಾಗೇ ಮಾಡಿ. ಕೇಪು ಇದ್ದರೆ ತೆಗೆಯಿರಿ, ಮುಖ ಪಕ್ಕಕ್ಕಿಟ್ಟುಕೊಂಡು ಗಜದ ಕೋಲು ಮೆಲ್ಲಗೆ ಒಳಗೆ ಬಿಡಿ, ನಳಿಗೆಯ ಬಾಯಿ ಹತ್ತಿರ ಕೋಲಿಗೆ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ಕೋಲಿನ ತುದಿ ಕೇಪು ಕೂರುವ ಜಾಗದವರೆಗೆ ಬರಬೇಕು. ಎರಡೂ ನಳಿಗೆಗೆ ಬೇರೆ ಬೇರೆ ನೋಡಿ. ಮುಂಚೆಯೇ ನಿಂತರೆ ಕೆದಕಲು ಹೋಗಬೇಡಿ, ಬೆಂಕಿ, ಬಿಸಿ ಏನೂ ತೋರಿಸಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಕರೆಸಿ.

ಎಮರಿ ಯಾಕೆ ಬೇಡ ಅಂದರೆ, ಅದು ತುಕ್ಕಿನ ಜೊತೆ ಕಬ್ಬಿಣವನ್ನೂ ತಿನ್ನುತ್ತೆ. ನಳಿಗೆಯ ಮೇಲಿನ ನಂಬರು, ಮಾಡಿದವರ ಹೆಸರು, ಸಣ್ಣ ಮುದ್ರೆಗಳು ಅಳಿಸಿ ಹೋಗುತ್ತವೆ. ಇದು ಬರೀ ಅಂದದ ಮಾತಲ್ಲ. 1959ರ ಆಯುಧ ಕಾಯ್ದೆಯಲ್ಲಿ ಕೋವಿಯ ನಂಬರು, ಗುರುತು ಅಳಿಸುವುದೇ ಅಪರಾಧ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಒಳ್ಳೆಯ ಹಳೇ ಕೋವಿಯನ್ನು ಪಾಲಿಶ್ ಚಕ್ರಕ್ಕೆ ಕೊಟ್ಟರು, ಸ್ಟೀಲ್ ಚೊಂಬಿನ ಹಾಗೆ ಹೊಳೆಯುತ್ತಾ ವಾಪಸು ಬಂತು, ಅಂಚುಗಳೆಲ್ಲ ಸವೆದು ಗುಂಡಗಾಗಿದ್ದವು, ಹೂಬಳ್ಳಿ ಕೆತ್ತನೆ ಇದ್ದ ಜಾಗದಲ್ಲಿ ಬೆರಳಾಡಿಸಿದರೆ ಏನೂ ಸಿಗಲಿಲ್ಲ. ಅದನ್ನು ಯಾರೂ ಮತ್ತೆ ತಂದುಕೊಡಲು ಆಗಲ್ಲ.

ಖಾಲಿ ಅಂತ ಖಾತ್ರಿಯಾದ ಮೇಲೆ ನಳಿಗೆಗೆ ಸೀಮೆಎಣ್ಣೆ ಅಥವಾ ತೆಳು ಮೆಷಿನ್ ಎಣ್ಣೆ ಸವರಿ ಎರಡು ದಿನ ಬಿಡಿ. ಆಮೇಲೆ 0000 ನಂಬರಿನ ಸ್ಟೀಲ್ ವುಲ್ (ತೀರಾ ನಯವಾದ ಉಕ್ಕಿನ ನಾರು) ಎಣ್ಣೆಯಲ್ಲಿ ಅದ್ದಿ, ಒತ್ತದೆ ಉಜ್ಜಿ, ಒರೆಸಿ, ಮತ್ತೆ ಎಣ್ಣೆ. ಪುಡಿಪುಡಿ ಕೆಂಪು ತುಕ್ಕು ಬಟ್ಟೆಗೆ ಬರುತ್ತೆ, ಅದರಡಿ ಕಾಫಿ ಬಣ್ಣದ ನುಣುಪು ಪದರ ಕಾಣುತ್ತೆ. ಅಲ್ಲಿಗೆ ನಿಲ್ಲಿಸಿ. ಆ ಕಂದು ಬಣ್ಣ ಕೊಳೆಯಲ್ಲ. ಆ ಕಾಲದ ನಳಿಗೆಗಳಿಗೆ ಬೇಕೆಂದೇ ತೆಳ್ಳಗೆ ತುಕ್ಕು ಹಿಡಿಸಿ, ಉಜ್ಜಿ, ಮತ್ತೆ ಹಿಡಿಸಿ ಬಣ್ಣ ತರುತ್ತಿದ್ದರು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಹೊಸೆದು ಮಾಡಿದ ನಳಿಗೆಯಾದರೆ ಅದರ ಸುಳಿಗಳು ಕಾಣುವುದೇ ಹಾಗೆ.

ಹಿಂದೆ ಯಾರೋ ತಿಕ್ಕಿ ಬೆಳ್ಳಗೆ ಮಾಡಿದ್ದರೆ ಮಾತ್ರ ಹೊಸದಾಗಿ ಬಣ್ಣ ಕೊಡಿಸಬೇಕು. ಆಗಲೂ ಬಿಸಿ ಬ್ಲೂಯಿಂಗ್, ಅಂದರೆ ಕುದಿಸಿ ಕಪ್ಪು ಬಣ್ಣ ಕೊಡುವುದು, ಬೇಡ ಅಂತ ರಿಪೇರಿಯವರಿಗೆ ಬಾಯಿ ಬಿಟ್ಟು ಹೇಳಿ. ಜೋಡಿ ನಳಿಗೆಗಳನ್ನು ಮೆದು ಬೆಸುಗೆಯಲ್ಲಿ ಕೂಡಿಸಿರುತ್ತಾರೆ. ಕುದಿಯುವ ಕಾಸ್ಟಿಕ್ ಉಪ್ಪಿನ ನೀರು ಆ ಬೆಸುಗೆಯನ್ನು ತಿಂದುಹಾಕುತ್ತೆ. ತುಕ್ಕು ಹಿಡಿಸುವ ಹಳೇ ಕ್ರಮವೇ ಸರಿ. ಅದಕ್ಕೆ ತೇವದ ಗಾಳಿ ಬೇಕು, ಒಣ ಊರಿನವರು ಅದಕ್ಕಾಗಿ ಪೆಟ್ಟಿಗೆ ಕಟ್ಟಿ ಒಳಗೆ ನೀರಿಡುತ್ತಾರೆ. ನಮ್ಮ ಕಡೆ ಆಷಾಢದಲ್ಲಿ ಬಾಗಿಲು ತೆಗೆದರೆ ಸಾಕು, ಅಲ್ವಾ? ಕುದುರೆ (ಕೇಪಿಗೆ ಬಡಿಯುವ ಭಾಗ), ಸ್ಪ್ರಿಂಗು, ಕೇಪು ಕೂರಿಸುವ ನಿಪ್ಪಲ್ ಇವನ್ನು ಮನೆಯಲ್ಲಿ ಬಿಚ್ಚಬೇಡಿ. ತುಕ್ಕು ಹಿಡಿದ ನಿಪ್ಪಲ್ ಕೈಯಲ್ಲೇ ಮುರಿದು ಬರುತ್ತೆ, ಮತ್ತು ರಿಪೇರಿಗೆ ಕಾನೂನಿನಲ್ಲೂ ಲೈಸೆನ್ಸ್ ಬೇಕು.

ಈಗ ಮರ. ಉಪ್ಪುಕಾಗದ ಹಾಕಿದರೆ ಮರ ತಗ್ಗಿ ಕಬ್ಬಿಣ ಮೇಲೆ ಎದ್ದು ನಿಲ್ಲುತ್ತೆ, ಆ ಅಂದಗೇಡು ಆಮೇಲೆ ಸರಿಯಾಗಲ್ಲ. ಮೊದಲು ಟರ್ಪೆಂಟೈನ್ ಬಟ್ಟೆಯಲ್ಲಿ ಜಿಡ್ಡು ಒರೆಸಿ. ಅರ್ಧ ಕಪ್ಪು ಅಲ್ಲೇ ಹೋಗುತ್ತೆ. ಎಣ್ಣೆ ಕುಡಿದು ಕಪ್ಪಾದ ಜಾಗಕ್ಕೆ ಸೀಮೆಸುಣ್ಣದ ಪುಡಿಯನ್ನು ಥಿನ್ನರಿನಲ್ಲಿ ಕಲಸಿ ಮೆತ್ತಿ. ಒಣಗುತ್ತಾ ಎಣ್ಣೆ ಎಳೆದುಕೊಳ್ಳುತ್ತೆ. ಇದನ್ನು ಒಲೆಯಿಂದ ದೂರ, ಗಾಳಿಯಲ್ಲಿ ಮಾಡಿ. ಥಿನ್ನರ್ ವಾಸನೆ ಪೂರ್ತಿ ಹೋದ ಮೇಲೆ, ಇನ್ನೊಂದು ದಿನ, ಮರವನ್ನು ನಳಿಗೆಯಿಂದ ಬಿಡಿಸಿಟ್ಟು ತಗ್ಗಿನ ಮೇಲೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆ ಒಂದೆರಡು ಸೆಕೆಂಡ್ ಇಡಿ. ಆವಿಗೆ ಮರದ ನಾರು ಉಬ್ಬಿ ತಗ್ಗು ತುಂಬಿಕೊಳ್ಳುತ್ತೆ. ನಾರು ಕತ್ತರಿಸಿ ಹೋದ ಗಾಯ ಆದರೆ ತುಂಬಲ್ಲ. ಅದು ಇರಲಿ ಬಿಡಿ, ಅಜ್ಜನ ಕೈಯಲ್ಲಿ ಆದದ್ದು.

ವಾರ್ನಿಶ್ ಬದಲು ಬೇಯಿಸಿದ ಅಗಸೆ ಎಣ್ಣೆ ಹಚ್ಚಿ. ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ಬಿಸಿ ಹತ್ತುವಷ್ಟು ತಿಕ್ಕಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿಬಿಡಿ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ, ಹೀಗೆ ಆರೇಳು ಸಲ. ಮಳೆಗಾಲದಲ್ಲಿ ಇದು ವಾರವಾದರೂ ಅಂಟಂಟಾಗೇ ಇರುತ್ತೆ, ಅದಕ್ಕೇ ಬಿಸಿಲು ಬರಲಿ ಅಂದದ್ದು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತೆ, ಮುದ್ದೆಯಾದ ಬಟ್ಟೆ ತಾನೇ ಹೊತ್ತಿಕೊಳ್ಳುತ್ತೆ. ಹೊರಗೆ ಹರಡಿ ಒಣಗಿಸಿ, ಇಲ್ಲ ನೀರಲ್ಲಿ ಮುಳುಗಿಸಿಡಿ.

ಹೊಳಪು ಬಂತು ಅಂತ ಈಡು ಹಾಕಲು ಹೋಗಬೇಡಿ. ಒಳಗಿನ ತುಕ್ಕು ನಳಿಗೆಯನ್ನು ಎಷ್ಟು ತೆಳ್ಳಗೆ ಮಾಡಿದೆ ಅಂತ ತಿಳಿದವರು ನೋಡಿ ಹೇಳಬೇಕು.

ಪ್ರಶ್ನೆ: ನಮ್ಮ ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕಂಬಳಿಯಲ್ಲಿ ಸುತ್ತಿಡುತ್ತೇವೆ. ಆದರೂ ಪ್ರತಿ ವರ್ಷ ತುಕ್ಕು ಚುಕ್ಕೆ ಬರುತ್ತಲ್ಲ?
– ಓದುಗರು, ಸಾಗರ

ಉತ್ತರ: ಕಂಬಳಿ ತೇವ ಹಿಡಿದಿಡುತ್ತೆ, ತೆಗೆಯಿರಿ. ಕೊಬ್ಬರಿ ಎಣ್ಣೆ ಒಣಗಲ್ಲ, ಧೂಳು ಹಿಡಿಯುತ್ತೆ, ಹಳಸಿ ಹುಳಿಯಾಗುತ್ತೆ. ಮೆಷಿನ್ ಎಣ್ಣೆ ಸಾಕು. ಚುನಾವಣೆ ಹೊತ್ತಿಗೆ ಕೋವಿಯನ್ನು ಸ್ಟೇಷನ್ನಿಗೆ ಕೊಡುವ ಮುನ್ನವೂ ಒಂದು ಕೈ ಸವರಿ ಕೊಡಿ, ಅಲ್ಲಿ ಎಷ್ಟು ವಾರ ಇರುತ್ತೋ ಏನೋ.

ಇನ್ನೊಂದು, ಚುಕ್ಕೆ ಬರುವುದು ನಳಿಗೆಯ ಬುಡದಲ್ಲೇ ಅಂದರೆ ಆಯುಧ ಪೂಜೆ ನೆನಪು ಮಾಡಿಕೊಳ್ಳಿ. ತೇಯ್ದ ಗಂಧ, ಕುಂಕುಮ, ಮೇಲೊಂದು ಒದ್ದೆ ಸೇವಂತಿಗೆ, ಅದು ಹಾಗೇ ವಾರಗಟ್ಟಲೆ ಇರುತ್ತೆ. ಪೂಜೆ ಮಾಡಿ, ಖಂಡಿತ ಮಾಡಿ. ಮರುದಿನ ಬೆಳಗ್ಗೆ ಹೂ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ ಇಡಿ.